ಸಹಾಯ ಬೇಕು: ಶೀಟ್ ಗೋದಾಮಿನ ಕಾವು ಇಳಿಸೋದು ಹೇಗೆ?

ರಾಣೆಬೆನ್ನೂರು ಹತ್ತಿರ ನಮ್ಮದೊಂದು ಬೀಜದ ಗೋದಾಮು. ಕಬ್ಬಿಣದ ಕಂಬ, ಮೇಲೆ ಬರೀ ಕಲರ್ ಶೀಟು. ಏಪ್ರಿಲ್ ಮಧ್ಯಾಹ್ನ ಹಮಾಲರೂ ಒಳಗೆ ನಿಲ್ಲೋದಿಲ್ಲ, ಬೀಜದ ಮೊಳಕೆ ಕೆಡುವ ಭಯ ಬೇರೆ. ಚಳಿಗಾಲದ ಬೆಳಗ್ಗೆ ಶೀಟಿನ ಅಡಿ ಬೆವರು ಕಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ.

ಪಫ್ ಪ್ಯಾನೆಲ್ (ಎರಡು ಶೀಟಿನ ನಡುವೆ ಫೋಮ್ ತುಂಬಿದ್ದು) ನಮ್ಮ ಕೈಗೆಟಕೋ ಮಾತಲ್ಲ. ಥರ್ಮಾಕೋಲ್ ಬೆಂಕಿ ಭಯಕ್ಕೆ ಬೇಡ. ಉಳಿದದ್ದು ಮೇಲೆ ಬಿಸಿಲು ವಾಪಸ್ ಹೊಡೆಯೋ ಬಿಳಿ ಕೂಲ್ ರೂಫ್ ಪೇಂಟ್, ಇಲ್ಲವೇ ಒಳಗೆ ಬಬಲ್ ಫಾಯಿಲ್ (ಗಾಳಿಗುಳ್ಳೆ ಇರೋ ಬೆಳ್ಳಿ ಬಣ್ಣದ ಹಾಳೆ). ಶೀಟಿಗೂ ಫಾಯಿಲ್‌ಗೂ ನಡುವೆ ಗಾಳಿ ಸಂದು ಇದ್ದರೆ ಚೆನ್ನಾಗಿ ತಡೆಯುತ್ತದೆ, ಅದು ಗೊತ್ತು. ಆದರೆ ಶೀಟು ಬಿಚ್ಚದೆ, ಕೆಳಗಿನಿಂದಲೇ ಜೋಲಾಡದ ಹಾಗೆ ಕಟ್ಟೋದು ಹೇಗೆ? ಬೆವರು ಅದರಿಂದ ನಿಲ್ಲುತ್ತದೆಯೋ, ಗಾಳಿಗೆ ತಿರುಗಿ ಒಳಗಿನ ಬಿಸಿ ಗಾಳಿ ಹೊರಹಾಕೋ ಟರ್ಬೊ ವೆಂಟಿಲೇಟರ್ ಕೂಡ ಬೇಕೋ? ಧೂಳು ಕೂತ ಮೇಲೆ ಪೇಂಟ್ ಎಷ್ಟರ ಮಟ್ಟಿಗೆ ಉಪಯೋಗ?

ಮಾಡಿಸಿದವರು ಚದರಡಿಗೆ ಬಿದ್ದ ಖರ್ಚು ಸಮೇತ ಹೇಳ್ರಿ. ಮಾರೋರ ಮಾತು ಸಾಕಷ್ಟು ಕೇಳಿಯಾಯ್ತು.