ಸಮಸ್ಯೆ: ಹಾಡದವನೇ ಗೆದ್ದ ಹಾಡಿದ ಗುರುವು ತಾ ಸೋತ

ರಥಬೀದಿ ರಸಿಕ:
ಉಡುಪಿಯಲ್ಲಿ ಎರಡು ದಿನದಿಂದ ಮಳೆ ಬಿಟ್ಟಿಲ್ಲ. ಮನೆಯಲ್ಲೇ ಕೂತು 1968ರ ಹಿಂದಿ ಚಿತ್ರ ‘ಪಡೋಸನ್’ ಮತ್ತೆ ನೋಡಿದೆ. ಹಾಡಲು ಬಾರದ ಭೋಲಾ, ಅಡಗಿ ಹಾಡುವ ಗೆಳೆಯ ವಿದ್ಯಾಪತಿಯ ದನಿಗೆ ತುಟಿ ಆಡಿಸಿ ಪಕ್ಕದ ಮನೆಯ ಬಿಂದುವನ್ನು ಅವಳ ಸಂಗೀತದ ಮಾಸ್ಟರು ಪಿಳ್ಳೆಯ ಎದುರು ಗೆಲ್ಲುವ ಕತೆ. ನೋಡುತ್ತಾ ನೋಡುತ್ತಾ ಮೇಲಿನ ಸಾಲು ತಾನಾಗಿ ಬಂತು. ಅದೇ ಕೊನೆಯ ಸಾಲಾಗುವ ಹಾಗೆ ಪದ್ಯ ಪೂರ್ತಿ ಮಾಡಿ. ಮಟ್ಟು ಭಾಮಿನಿ ಷಟ್ಪದಿ ಅಂತ ನಿಮಗೆ ಹೇಳಬೇಕಾಗಿಲ್ಲ. ಒಂದೇ ಷರತ್ತು. ಪದ್ಯದಲ್ಲಿ ಆ ಚಿತ್ರದ ಒಬ್ಬರ ಮನಸ್ಸು ಕಾಣಬೇಕು. ಸುಮ್ನೆ ಕತೆ ಹೇಳಿ ಮುಗಿಸಬೇಡಿ. ಮೊದಲ ಪೂರಣ ನನ್ನದೇ:

ಗೋಡೆಯಾಚೆಯ ಚೆಲುವೆಯತ್ತಲೆ
ನೋಡಿ ಭೋಲಾ ತುಟಿಯ ಕುಣಿಸಿದ
ಗೂಡಿನೊಳಗಡಗಿದ್ದ ಗೆಳೆಯನು ಕೊಟ್ಟನಿನಿದನಿಯ
ಬೇಡಿ ಬಂದಳು ಬಿಂದುವೊಲವನು
ಪಾಡು ನೋಡಿರಿ ಪಿಳ್ಳೆಯವರದು
ಹಾಡದವನೇ ಗೆದ್ದ ಹಾಡಿದ ಗುರುವು ತಾ ಸೋತ

ಪಣಂಬೂರಿನ ಅಲೆ:
ಚೆನ್ನಾಗಿದೆ. ‘ತುಟಿಯ ಕುಣಿಸಿದ’ ಇಷ್ಟವಾಯಿತು.

ಮಟ್ಟುಗುಳ್ಳ:
ಮಟ್ಟು ಸರಿ ಇದೆ. ಆದರೆ ಕತೆ ಹೇಳಬೇಡಿ ಅಂದವರೇ ಕತೆ ಹೇಳಿದ್ದೀರಿ. ಇನ್ನೊಂದು ಮಾತು. ಆ ಚಿತ್ರದಲ್ಲಿ ‘ಗುರು’ ಅಂತ ಎಲ್ಲರೂ ಕರೆಯುವುದು ಪಿಳ್ಳೆಯನ್ನಲ್ಲ, ಕಿಶೋರ್ ಕುಮಾರ್ ಮಾಡಿದ ವಿದ್ಯಾಪತಿಯನ್ನು. ಪಿಳ್ಳೆ ಮಾಸ್ಟರು. ನಿಮ್ಮ ಸಾಲಿಗೆ ನೀವೇ ತಪ್ಪು ಅರ್ಥ ಹಚ್ಚಿದ್ದೀರಿ.

ರಥಬೀದಿ ರಸಿಕ:
ಸಂಗೀತ ಕಲಿಸುವವನು ಗುರು ಅಲ್ವಾ? ಬಿಂದುವಿಗೆ ಕಲಿಸುತ್ತಿದ್ದದ್ದು ಯಾರು?

ಮಟ್ಟುಗುಳ್ಳ:
ಹಾಡಿಯೂ ಸೋತವನು ಯಾರು ಅಂತ ಮೊದಲು ಯೋಚಿಸಿ.

ಕಾಡಿ ಬೇಡಿದ ಗೆಳೆಯಗೋಸುಗ
ಹಾಡಿ ಹಾಡಿಸಿ ಮರೆಗೆ ನಿಂತನು
ಮೂಡಿತೊಲವಾ ಜೋಡಿಗಿವನಿಗೆ ದೊರೆತುದೇನಿಲ್ಲ
ನೋಡಲಿಲ್ಲವನತ್ತ ಯಾರೂ
ಬಾಡದಿದ್ದರು ನಗುವು ಮುಖದಲಿ
ಹಾಡದವನೇ ಗೆದ್ದ ಹಾಡಿದ ಗುರುವು ತಾ ಸೋತ

ಪಣಂಬೂರಿನ ಅಲೆ:
ಭಲೇ. ‘ನೋಡಲಿಲ್ಲವನತ್ತ’ ಓದುವಾಗ ಒಮ್ಮೆ ನಿಂತುಬಿಟ್ಟೆ.

ಕದ್ರಿಯ ಚೆಂಡೆ:
ವಿದ್ಯಾಪತಿ ಎಲ್ಲಿ ಸೋತ? ಅವನು ನಾಟಕ ಮಂಡಳಿಯವನು. ಅವನಿಗೆ ಹುಡುಗಿ ಬೇಕಿರಲಿಲ್ಲ, ಆಟ ಗೆಲ್ಲಬೇಕಿತ್ತು. ಗೆದ್ದ. ಕಿಟಕಿಯ ಹಾಡು ಅವನದೇ ಯೋಜನೆ. ಮೋಸ ಬಯಲಾದ ಮೇಲೆ ಭೋಲಾ ಸತ್ತ ಹಾಗೆ ಮಲಗಿದ್ದೂ ಅವನದೇ ಯೋಜನೆ. ಪರದೆಯ ಹಿಂದೆ ನಿಂತು ಆಡಿಸುವವನಿಗೆ ಸೋಲು ಅಂತ ಒಂದು ಇರುವುದಿಲ್ಲ. ಉಡುಪಿಯವರಿಗೆ ಇದು ಹೊಳೆಯದಿದ್ದದ್ದು ನನಗೆ ಆಶ್ಚರ್ಯ.

ಮಟ್ಟುಗುಳ್ಳ:
ಮಂಗಳೂರಿನವರು ಚೆಂಡೆ ಜೋರಾಗಿ ಬಾರಿಸುತ್ತಾರೆ. ಪದ ಕೇಳಿಸಿಕೊಳ್ಳುವುದು ಕಮ್ಮಿ. ಆ ಚಿತ್ರದಲ್ಲಿ ನಿಜವಾಗಿ ಹಾಡಿದವರು ಯಾರು, ಲೆಕ್ಕ ಹಾಕಿ ನೋಡಿ. ಭೋಲಾ ಮಾಡಿದ ಸುನಿಲ್ ದತ್ ತುಟಿ ಆಡಿಸಿದ್ದು. ಬಿಂದು ಮಾಡಿದ ಸಾಯಿರಾ ಬಾನು ಅವರದ್ದು ಲತಾ ದನಿ. ಪಿಳ್ಳೆ ಮಾಡಿದ ಮೆಹಮೂದ್ ಕೂಡ ತುಟಿ ಆಡಿಸಿದ್ದೇ, ದನಿ ಮನ್ನಾ ಡೇ ಅವರದ್ದು. ತನ್ನ ಬಾಯಿಂದ ತನ್ನ ದನಿಯಲ್ಲೇ ಹಾಡಿದವನು ವಿದ್ಯಾಪತಿ. ಅವನನ್ನೇ ಕತೆ ಮೂಲೆಯಲ್ಲಿ ಬಚ್ಚಿಟ್ಟಿತು. ನಾನು ಬರೆದದ್ದು ಆ ಸೋಲನ್ನು.

ರಥಬೀದಿ ರಸಿಕ:
ಇದು ನನಗೆ ಹೊಳೆದೇ ಇರಲಿಲ್ಲ. ಒಪ್ಪಿದೆ.

ಪಣಂಬೂರಿನ ಅಲೆ:
ನಮ್ಮ ಯಕ್ಷಗಾನದ ಆಟದಲ್ಲಿ ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಯಾಕೆಂದರೆ ಭಾಗವತರು ಎಲ್ಲರಿಗೂ ಕಾಣುವ ಹಾಗೆ ಕೂತಿರುತ್ತಾರೆ. ಭೋಲಾನ ತಪ್ಪು ಹಾಡದೇ ಇದ್ದದ್ದಲ್ಲ, ಭಾಗವತರನ್ನು ಅಡಗಿಸಿ ಇಟ್ಟದ್ದು. ಈ ವಯಸ್ಸಲ್ಲಿ ಮಾವನಿಗೆ ಮದುವೆ ಆಸೆಯಾ ಅಂತ ಸಿಟ್ಟಾಗಿ ಮನೆ ಬಿಟ್ಟು ಬಂದವನು ಅವನು. ಕೊನೆಗೆ ತಾನೇ ಇನ್ನೊಬ್ಬರ ದನಿ ತೊಟ್ಟು ಹೆಣ್ಣು ಗೆಲ್ಲಲು ಹೊರಟ. ಬಿಂದುವಿನ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಲ್ಲಿ ಅದೇ ಮಾವನನ್ನು ಮದುವೆಯಾಗಲು ಒಪ್ಪುತ್ತಾಳಲ್ಲ, ಅದು ಭೋಲಾನಿಗೆ ತಾಗಲಿ ಅಂತಲೇ. ನನ್ನ ಪದ್ಯ ಅವಳ ಕಡೆಯದು:

ಹಾಡ ಮೆಚ್ಚಿದ ಬಿಂದು ಮೋಸದ
ಜಾಡು ತಿಳಿದಳು ಮುನಿದು ಮುದುಕನ
ಕೂಡೆ ಮದುವೆಗೆ ಒಪ್ಪಿಕೊಂಡಳು ಛಲವ ಬಿಡಲಿಲ್ಲ
ನಾಡಿ ನಿಂತಿತ್ತೆಂಬ ಸುದ್ದಿಗೆ
ಓಡಿ ಬಂದಳು ಮರೆತು ಸಿಟ್ಟನು
ಹಾಡದವನೇ ಗೆದ್ದ ಹಾಡಿದ ಗುರುವು ತಾ ಸೋತ

ಹಾಡಿದ ಹಾಗೆ ನಟಿಸಿದಾಗ ಭೋಲಾ ಸಿಕ್ಕಿಬಿದ್ದ. ಬಾಯಿ ಮುಚ್ಚಿ ಮಲಗಿದಾಗ ಗೆದ್ದ. ಅದೂ ಸುಳ್ಳೇ ಅನ್ನುವುದು ಬೇರೆ ಮಾತು.

ರಥಬೀದಿ ರಸಿಕ:
ಒಳ್ಳೆಯ ತಿರುವು.

ಮಟ್ಟುಗುಳ್ಳ:
ಆಗಬಹುದು. ‘ಮದುವೆಗೆ ಒಪ್ಪಿ’ ಅಲ್ಲಿ ಸಂಧಿ ಬಿಟ್ಟಿದ್ದೀರಿ. ‘ಮದುವೆಗೊಪ್ಪಿ’ ಅಂದರೆ ಮಾತ್ರೆ ತಪ್ಪುತ್ತದೆ ಅಂತ ಗೊತ್ತು, ಹಾಗಾಗಿ ಜಾಸ್ತಿ ಎಳೆಯುವುದಿಲ್ಲ.

ಕದ್ರಿಯ ಚೆಂಡೆ:
ಈಗ ಪಿಳ್ಳೆಯ ಪಾಲಿಗೆ ಯಾರಾದರೂ ಮಾತಾಡಬೇಕಲ್ಲ. ಆಟಗಳು ಮುಗಿಯುವ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಒಳಗೆ ಕೂತವು, ಇದು ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ಕತೆ ನಡೆಸುವ ತಾಳಮದ್ದಳೆಯ ಕಾಲ. ಅದರಲ್ಲಿ ಪಾತ್ರವಾಗಿ ಮಾತಾಡುವ ನಮ್ಮ ಅರ್ಥಧಾರಿಗಳು ಶಕುನಿಗೂ ಒಂದು ನ್ಯಾಯ ಕಟ್ಟಿ ಕೊಡುತ್ತಾರೆ. ಕೌರವನ ಅರ್ಥ ಕೇಳಿ ಕಣ್ಣು ಒರೆಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಪಿಳ್ಳೆಗೆ ಮಾತ್ರ ಜುಟ್ಟು, ಮಾತಿನ ರಾಗ, ಅಷ್ಟೇ ಉಳಿಯಿತು. ಚಿಕ್ಕವನಿದ್ದಾಗ ನಾನೂ ನಕ್ಕಿದ್ದೆ. ಹೊರ ಊರಿನ ಹಾಸ್ಟೆಲಿನಲ್ಲಿ ನನ್ನ ಕನ್ನಡದ ಹಿಂದಿಯನ್ನು ಪಿಳ್ಳೆಯ ಹಾಗೆ ಅಣಕಿಸಿದ ದಿನದಿಂದ ನಗು ಬರಲಿಲ್ಲ. ಅವನಿಗೆ ವಿದ್ಯೆ ಇತ್ತು, ಕಲಿಸುವ ಆಸೆ ಇತ್ತು, ಪ್ರೀತಿಯೂ ಇತ್ತು. ಮೋಸ ಮಾತ್ರ ಇರಲಿಲ್ಲ. ಕಿಟಕಿಯ ಆ ಜಿದ್ದಾಜಿದ್ದಿಯಲ್ಲಿ ಅವನು ಒಬ್ಬನೇ ಹಾಡಿದ. ಎದುರಿಗೆ ಇದ್ದದ್ದು ಇಬ್ಬರು.

ಓಡಿ ಹೋಗದೆ ಮದುವೆ ಮನೆಯಲಿ
ಕೂಡಿ ಕುಳಿತನು ಪಿಳ್ಳೆ ಕಣ್ಣೀ
ರೋಡುತಿರೆ ಶಹನಾಯಿಗುಸಿರನು ತುಂಬಿ ಹರಸಿದನು
ಕೇಡ ಬಯಸದ ನಾದವಲ್ಲವೆ
ಮೂಢರೆನ್ನಲಿ ಬಿಡಿರಿ ಸುಮ್ಮನೆ
ಹಾಡದವನೇ ಗೆದ್ದ ಹಾಡಿದ ಗುರುವು ತಾ ಸೋತ

ಮಟ್ಟುಗುಳ್ಳ:
ಸಾಲುಗಳ ಎರಡನೇ ಅಕ್ಷರ ನೋಡಿ. ಐದು ಸಾಲಿಗೆ ಡ, ಒಂದು ಸಾಲಿಗೆ ಢ. ಇದು ಯಾವ ಊರಿನ ಪ್ರಾಸ?

ಕದ್ರಿಯ ಚೆಂಡೆ:
ವರ್ಗಪ್ರಾಸ, ಒಂದೇ ವರ್ಗದ ಅಕ್ಷರಗಳದ್ದು. ಕವಿರಾಜಮಾರ್ಗದ ಕಾಲದಿಂದ ಹೆಸರು ಉಂಟು.

ಮಟ್ಟುಗುಳ್ಳ:
ಹೆಸರು ಇದ್ದದ್ದಕ್ಕೆಲ್ಲ ಮರ್ಯಾದೆ ಇರುವುದಿಲ್ಲ. ಡ ಸಿಗದಿದ್ದರೆ ಢ ಹಾಕಲಿ, ಒಪ್ಪುತ್ತೇನೆ. ಕನ್ನಡದಲ್ಲಿ ಡಕಾರಕ್ಕೆ ಬರ ಇದೆಯಾ? ‘ನಾಡು ಹೇಳಲಿ ಬಿಡಿರಿ ಸುಮ್ಮನೆ’ ಅನ್ನಿ, ಮುಗಿಯಿತು.

ಕದ್ರಿಯ ಚೆಂಡೆ:
ಮುಗಿಯುವುದಿಲ್ಲ. ನಾಡು ಅಂದರೆ ಎಲ್ಲರೂ ಬಂದರು. ಮದುವೆಯ ದೃಶ್ಯದಲ್ಲಿ ಪಿಳ್ಳೆಯನ್ನು ನೋಡಿ ಗಂಟಲು ಕಟ್ಟಿದವರೂ ಬಂದರು. ನಾನು ಬಯ್ಯಬೇಕಾದದ್ದು ಆಗಲೂ ನಕ್ಕವರನ್ನು. ಅವರಿಗೆ ಮೂಢ ಅನ್ನುವುದೇ ಸರಿಯಾದ ಪದ.

ಪಣಂಬೂರಿನ ಅಲೆ:
ಬಾಯಲ್ಲಿ ಹೇಳುವಾಗ ‘ಮೂಡ’ ಅಂತಲೇ ಬರುತ್ತದೆ, ಬಿಡಿ.

ಮಟ್ಟುಗುಳ್ಳ:
ಮೂಡ ಅಂದರೆ ಪೂರ್ವ ದಿಕ್ಕು. ಹಾಗಾದರೆ ಕಾರ್ಕಳದವರೆಲ್ಲ ಪಿಳ್ಳೆ ಸೋತ ಅನ್ನಲಿ ಅಂತ ಅರ್ಥವಾಯಿತು. ಇರಲಿ, ‘ಕಣ್ಣೀರು ಓಡುತ್ತದೆ’ ಅಂತ ಯಾರು ಹೇಳುತ್ತಾರೆ? ಹರಿಯುತ್ತದೆ. ಮತ್ತೆ ‘ಶಹ’ ಒಂದು ಗಣ, ‘ನಾಯಿ’ ಇನ್ನೊಂದು ಗಣ. ನೀವೇ ರಾಗವಾಗಿ ಓದಿ ನೋಡಿ, ಮದುವೆ ಮನೆಗೆ ಯಾರು ಬಂದರು ಅಂತ ಗೊತ್ತಾಗುತ್ತದೆ.

ಕದ್ರಿಯ ಚೆಂಡೆ:
ಹೋದ ಮಳೆಗಾಲದ ಸಮಸ್ಯೆಗೆ ನೀವು ಲ, ಳ ಬೆರೆಸಿದ್ದು ನೆನಪಿದೆಯಾ? ಆಗ ‘ಭಾವ ಮುಖ್ಯ’ ಅಂದಿರಿ.

ಮಟ್ಟುಗುಳ್ಳ:
ಅದು ಬೆರಳು ತಪ್ಪಿ ಆದದ್ದು. ಮರುದಿನವೇ ತಿದ್ದಿದ್ದೆ.

ಕದ್ರಿಯ ಚೆಂಡೆ:
ನಾಲ್ಕು ದಿನ ಬಿಟ್ಟು ತಿದ್ದಿದ್ದು.

ರಥಬೀದಿ ರಸಿಕ:
ಇಬ್ಬರೂ ಒಮ್ಮೆ ಗೋಳಿಬಜೆ ತಿಂದು ಬನ್ನಿ. ಸಮಸ್ಯೆ ಕೊಟ್ಟವನು ನಾನು, ಒಂದು ಮಾತು ಹೇಳುತ್ತೇನೆ. ನನ್ನ ಸಾಲನ್ನು ನಾವು ಮೂವರೂ ನಿಜ ಅಂತ ಹಿಡಿದು ಪೂರಣ ಮಾಡಿದೆವು. ಚೆಂಡೆಯವರು ಒಬ್ಬರೇ ಅದನ್ನು ಬೇರೆಯವರ ಬಾಯಿಗೆ ಹಾಕಿ, ಸುಳ್ಳು ಅಂದರು. ಪಿಳ್ಳೆ ಸೋಲಲೇ ಇಲ್ಲ ಅಂತ ಆಯಿತು. ಇಡೀ ಚಿತ್ರದಲ್ಲಿ ಬದಲಾದ ಮನುಷ್ಯ ಅಂತ ಇದ್ದರೆ ಪಿಳ್ಳೆ. ಭೋಲಾ ಕೊನೆಯವರೆಗೂ ಸುಳ್ಳಿನ ಮೇಲೆಯೇ ನಿಂತ. ವಿದ್ಯಾಪತಿ ಮೊದಲು ಹೇಗಿದ್ದನೋ ಹಾಗೇ ಇದ್ದ. ಹೊಟ್ಟೆಕಿಚ್ಚಿನಿಂದ ಕಿಟಕಿಯಲ್ಲಿ ಹಾರಾಡಿದ ಪಿಳ್ಳೆ ಮಾತ್ರ ಅವರದೇ ಮದುವೆಗೆ ಬಂದು ಊದಿದ. ಅಷ್ಟು ದೂರ ಬೇರೆ ಯಾರೂ ನಡೆಯಲಿಲ್ಲ.

ಪಣಂಬೂರಿನ ಅಲೆ:
ಮನ್ನಾ ಡೇ ಶಾಸ್ತ್ರೀಯ ಕಲಿತವರು. ಕಿಶೋರ್ ಹಾಗೆ ಕಲಿತವರಲ್ಲ. ಕಿಟಕಿಯ ಆ ಹಾಡಿನಲ್ಲಿ ಕಲಿತವರು ಸೋಲುವ ಹಾಗೆ ಹಾಡಬೇಕಿತ್ತು. ಹಾಡಿದರು. ಅದಕ್ಕೂ ದೊಡ್ಡ ಮನಸ್ಸು ಬೇಕು. ಚೆಂಡೆಯವರ ಪದ್ಯ ಅವರಿಗೂ ಸಲ್ಲುತ್ತದೆ.

ಮಟ್ಟುಗುಳ್ಳ:
ರಾತ್ರಿ ಪಿಳ್ಳೆ ಶಹನಾಯಿ ಊದುವ ಭಾಗ ಮಾತ್ರ ಹಾಕಿ ನೋಡಿದೆ. ಚೆಂಡೆಯವರೇ, ನಿಮ್ಮ ಅರ್ಥ ಒಪ್ಪಿದೆ. ಈ ಸಲದ ಪದ್ಯ ನಿಮ್ಮದೇ. ನನ್ನ ವಿದ್ಯಾಪತಿಯದ್ದು ಅದರ ಕೆಳಗೆ ಇರಲಿ, ಬೇಸರವಿಲ್ಲ. ‘ಕಣ್ಣೀರೋಡು’ ಕೂಡ ಇರಲಿ. ಢ ಮಾತ್ರ ತಪ್ಪೇ.

ಕದ್ರಿಯ ಚೆಂಡೆ:
ಸಂತೋಷ. ಮೂಢ ಹಾಗೇ ಇರುತ್ತದೆ.