ಹಳ್ಳವನ್ನು ‘ವರ್ಷವಿಡೀ ಹರಿಯುವ ತೊರೆ’ ಎಂದು ಬರೆದಿರುವ ಕರಡು ಯೋಜನೆಗೆ ನಮ್ಮ ಆಕ್ಷೇಪಣೆ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿಂಭಾಗದಲ್ಲಿ ಹರಿದು ಬೆಂಗಳೂರಿನ ವೃಷಭಾವತಿ ನದಿಯನ್ನು ಸೇರುವ ಹಳ್ಳದ ಪುನಶ್ಚೇತನಕ್ಕೆ ಸಿದ್ಧವಾಗಿರುವ ಕರಡು ಯೋಜನೆಯಲ್ಲಿ ಅದನ್ನು ‘ವರ್ಷವಿಡೀ ಹರಿಯುವ ತೊರೆ’ ಎಂದು ವರ್ಗೀಕರಿಸಿದ್ದಾರೆ. ಏಪ್ರಿಲ್ ತಿಂಗಳಲ್ಲಿ ಸಮೀಕ್ಷೆಗೆ ಬಂದವರು ನೀರು ಹರಿಯುವುದನ್ನು ಕಂಡು ಹಾಗೆ ದಾಖಲಿಸಿಕೊಂಡು ಹೋದರು. ಈ ಒಂದು ಮಾತು ಹಾಗೆಯೇ ಉಳಿದರೆ ಯೋಜನೆಯ ಲೆಕ್ಕವೆಲ್ಲ ತಪ್ಪುತ್ತದೆ.

ಮಳೆ ನಿಂತು ತಿಂಗಳುಗಳಾದ ಮೇಲೂ ಅಂತರ್ಜಲವೇ ಒರತೆಯಾಗಿ ಜಿನುಗಿ ಹರಿವನ್ನು ಉಳಿಸಿಕೊಟ್ಟರೆ ಅದು ವರ್ಷವಿಡೀ ಹರಿಯುವ ತೊರೆ. ಅಂತರ್ಜಲ ಮೇಲೇರಿರುವ ಕೆಲವು ತಿಂಗಳು ಮಾತ್ರ ಹರಿದು ಬೇಸಿಗೆಯಲ್ಲಿ ಬತ್ತಿದರೆ ಋತುಮಾನದ ಹಳ್ಳ. ಮಳೆ ಸುರಿದ ಕೆಲವು ಗಂಟೆಗಳಷ್ಟೇ ಹರಿಯುವ ಕೊರಕಲುಗಳದು ಬೇರೆಯೇ ವರ್ಗ. ನಮ್ಮಲ್ಲಿ ಏಪ್ರಿಲ್‌ನಲ್ಲಿ ಹರಿಯುವ ನೀರು ಇವುಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಸುಮಾರು 100 ಕಿ.ಮೀ. ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು ಮನೆಗಳಲ್ಲಿ ಬಳಕೆಯಾಗಿ, ಒಳಚರಂಡಿಯನ್ನು ಸೇರದೆ ಹಳ್ಳಕ್ಕೆ ಬೀಳುತ್ತಿದೆ. ಅದೇ ನೀರು ವೃಷಭಾವತಿಯಲ್ಲಿ ಬೈರಮಂಗಲ ಕೆರೆಯನ್ನು ಹಾಯ್ದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಸೇರುತ್ತದೆ.

ಮೊದಲನೆಯ ಅಡ್ಡರಸ್ತೆಯ ನಿವೃತ್ತ ಶಿಕ್ಷಕಿ:
ಕಾರ್ಯದರ್ಶಿಗಳ ಮಾತು ಸರಿಯಾಗಿದೆ. ನಾವು 1984ರಲ್ಲಿ ಇಲ್ಲಿಗೆ ಬಂದಾಗ ಈ ಹಳ್ಳದಲ್ಲಿ ಸಂಕ್ರಾಂತಿಯವರೆಗೆ ತಿಳಿನೀರು ಇರುತ್ತಿತ್ತು. ಶಿವರಾತ್ರಿ ಕಳೆಯುವಷ್ಟರಲ್ಲಿ ಮರಳು ಒಣಗಿ, ಒಂದೆರಡು ಮೊಳ ತೋಡಿದರೆ ಮಾತ್ರ ಚಿಲುಮೆಯಲ್ಲಿ ನೀರು ಸಿಗುತ್ತಿತ್ತು. ಆದರೆ ನನಗೊಂದು ಆತಂಕವಿದೆ. ‘ಋತುಮಾನದ ಹಳ್ಳ’ ಎಂದು ನಾವೇ ಬರೆದುಕೊಟ್ಟರೆ, ಇದು ಬರಿಯ ಚರಂಡಿ ಎಂದು ಹೇಳಿ ಮೇಲೆ ಚಪ್ಪಡಿ ಮುಚ್ಚುವುದಕ್ಕೆ ದಾರಿಯಾಗುವುದಿಲ್ಲವೇ?

ಐದನೆಯ ಅಡ್ಡರಸ್ತೆಯ ಸಿವಿಲ್ ಎಂಜಿನಿಯರ್:
ಆಗುವುದಿಲ್ಲ, ಮೇಡಂ. ರಾಜಕಾಲುವೆಯ, ಅಂದರೆ ನಮ್ಮ ಹಳ್ಳದಂತಹ ಮಳೆನೀರಿನ ಕಾಲುವೆಯ, ಮೀಸಲು ಅಂಚನ್ನು (ಕಟ್ಟಡ ಕಟ್ಟಬಾರದ ಪಟ್ಟಿಯನ್ನು) ನಿಗದಿಪಡಿಸುವಾಗ ಅದು ಎಷ್ಟು ತಿಂಗಳು ಹರಿಯುತ್ತದೆ ಎಂಬುದನ್ನು ನೋಡುವುದಿಲ್ಲ. ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ ಪ್ರಥಮ, ದ್ವಿತೀಯ, ತೃತೀಯ ಹಂತದ ಕಾಲುವೆಗಳಿಗೆ ನಡುಗೆರೆಯಿಂದ ಕ್ರಮವಾಗಿ 50, 25 ಮತ್ತು 15 ಮೀಟರ್ ಗೊತ್ತುಮಾಡಿತ್ತು. ಇದನ್ನು ಹೆಚ್ಚಿಸಿ ಹಸಿರು ನ್ಯಾಯಮಂಡಳಿ 2016ರಲ್ಲಿ ನೀಡಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಎರಡರಲ್ಲಿಯೂ ಅಳತೆಗೆ ಆಧಾರವಾದದ್ದು ಕಾಲುವೆಯ ಹಂತವೇ.

ನಿಜವಾದ ಅಪಾಯ ಕರಡಿನ ವಿನ್ಯಾಸದಲ್ಲಿದೆ. ತಳಕ್ಕೆ ಕಾಂಕ್ರೀಟ್ ಹಾಕಿ, ಅಡ್ಡಗಟ್ಟೆ ಕಟ್ಟಿ, ಸದಾ ತುಂಬಿರುವ ಕೊಳವೊಂದನ್ನು ತೋರಿಸಿದ್ದಾರೆ. ಕೊಳಚೆಯನ್ನು ಪೂರ್ತಿಯಾಗಿ ಕೊಳವೆಗೆ ತಿರುಗಿಸಿದ ದಿನ ಆ ಕೊಳ ಬತ್ತುತ್ತದೆ. ಅದು ಬತ್ತಬಾರದೆಂದರೆ ಕೊಳಚೆಯನ್ನು ಬಿಡುತ್ತಲೇ ಇರಬೇಕಾಗುತ್ತದೆ. ಋತುಮಾನದ ಹಳ್ಳವೆಂದು ಒಪ್ಪಿಕೊಂಡರೆ ತಳವನ್ನು ಮರಳು ಮಣ್ಣಿನದಾಗಿಯೇ ಉಳಿಸಿ, ಮಳೆನೀರು ಇಂಗುವಂತೆ ಅಲ್ಲಲ್ಲಿ ಮಡುಗಳನ್ನು ಬಿಟ್ಟು, ದಂಡೆಯಲ್ಲಿ ಹೊಂಗೆ, ಲಕ್ಕಿಯಂತಹ ಗಿಡಗಳನ್ನು ಬೆಳೆಸಬಹುದು. ಬೇಸಿಗೆಯಲ್ಲಿ ಒಣಗಿರುವುದು ಇಂತಹ ಹಳ್ಳದ ಸ್ವಭಾವವೇ ಹೊರತು ರೋಗವಲ್ಲ.

ಮೂರನೆಯ ಅಡ್ಡರಸ್ತೆಯ ನಿವಾಸಿ:
ಬೇಸಿಗೆಯ ಹರಿವು ಕೊಳಚೆಯದೇ ಎಂದು ನಾವು ತೋರಿಸಿಕೊಡುವುದು ಹೇಗೆ, ಸರ್? ಬಣ್ಣ, ವಾಸನೆಗಳನ್ನು ಅವರು ಪುರಾವೆಯೆಂದು ಒಪ್ಪಲಾರರು.

ಐದನೆಯ ಅಡ್ಡರಸ್ತೆಯ ಸಿವಿಲ್ ಎಂಜಿನಿಯರ್:
ಮಳೆಯಿಲ್ಲದ ವಾರದಲ್ಲಿ, ಕಿರುಸೇತುವೆಯ ಕೆಳಗೆ ಒಂದೇ ಜಾಗದಲ್ಲಿ, ನಸುಕಿನ 4 ಗಂಟೆಗೂ ಬೆಳಿಗ್ಗೆ 8.30ಕ್ಕೂ ನೀರಿನ ಮಟ್ಟವನ್ನು ಅಳೆಯೋಣ. ಒರತೆಯ ನೀರು ಗಂಟೆಗಂಟೆಗೆ ಅಷ್ಟಾಗಿ ಬದಲಾಗುವುದಿಲ್ಲ. ಮನೆಗಳಿಂದ ಬರುವ ನೀರಾದರೆ ನಸುಕಿನಲ್ಲಿ ಇಳಿದು, ಸ್ನಾನ ಮತ್ತು ಅಡುಗೆಯ ಹೊತ್ತಿಗೆ ಏರುತ್ತದೆ. ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರೊಂದನ್ನೇ ನಂಬುವಂತಿಲ್ಲ, ಏಕೆಂದರೆ ನಮ್ಮ ಕೊಳವೆಬಾವಿಗಳ ನೀರಿನಲ್ಲೂ ಲವಣಾಂಶ ಹೆಚ್ಚು. ಜೊತೆಗೆ ಸರ್ವೇ ಆಫ್ ಇಂಡಿಯಾದ ಹಳೆಯ ಭೂಪಟವನ್ನೂ ಲಗತ್ತಿಸಬೇಕು. ಅಂತಹ ಪಟಗಳಲ್ಲಿ ನೀರಿರುವ ತೊರೆಯನ್ನು ನೀಲಿಯಲ್ಲಿಯೂ ಬತ್ತುವ ಹಳ್ಳವನ್ನು ಕಪ್ಪು ಗೆರೆಯಲ್ಲಿಯೂ ತೋರಿಸುವ ಪದ್ಧತಿಯಿದೆ.

ಸಂಘದ ಕಾರ್ಯದರ್ಶಿ:
ಹಾಗಾದರೆ ಆಕ್ಷೇಪಣೆಯಲ್ಲಿ ‘ಕೊಳಚೆಯ ಹರಿವನ್ನು ಕಳೆದು ವರ್ಗೀಕರಿಸಬೇಕು, ಶುದ್ಧೀಕರಿಸಿದ ನೀರನ್ನು ಮುಂದೆ ಹಳ್ಳಕ್ಕೆ ಬಿಡುವುದಾದರೆ ಅದನ್ನು ಬೇರೆಯಾಗಿಯೇ ದಾಖಲಿಸಬೇಕು’ ಎಂದು ಸೇರಿಸುತ್ತೇನೆ. ಶಿಕ್ಷಕಿಯವರು ತಮ್ಮ ನೆನಪನ್ನು ದಯವಿಟ್ಟು ಸಹಿ ಮಾಡಿದ ಹೇಳಿಕೆಯಾಗಿ ಬರೆದುಕೊಡಬೇಕು. ಬುಧವಾರ ನಸುಕಿನ ಅಳತೆಗೆ ನನ್ನೊಡನೆ ಇನ್ನಿಬ್ಬರು ಬೇಕಾಗಿದ್ದಾರೆ; ಬರುವವರು ಇಲ್ಲಿಯೇ ತಿಳಿಸಿ.

ಮೂರನೆಯ ಅಡ್ಡರಸ್ತೆಯ ನಿವಾಸಿ:
ನಾನೂ ನನ್ನ ಮಗಳೂ ಬರುತ್ತೇವೆ. ಅಳತೆಕೋಲು ನಮ್ಮಲ್ಲಿಯೇ ಇದೆ.