ಸರ್ವೈವಲ್ ಚಾಕುವಿನ ಹಿಡಿ ಅಲ್ಲಾಡುತ್ತಿದೆ, ಹರಿತವೂ ನಿಲ್ಲುತ್ತಿಲ್ಲ. ಕಡಿಮೆ ಬೆಲೆಗೆ ಮುಂದಿನದು ಯಾವುದು ತಗೊಳ್ಳಲಿ?

ಟೆಂಟ್‌ಮೂಲೆ

ಎಂಟು ತಿಂಗಳ ಹಿಂದೆ ಕ್ಯಾಂಪಿಂಗ್‌ಗೆಂದು ಒಂದು ಸರ್ವೈವಲ್ ಚಾಕು ತಗೊಂಡಿದ್ದೆ. ಅಗ್ಗಕ್ಕೆ ಸಿಕ್ಕಿತು, ನೋಡೋಕೂ ಭರ್ಜರಿಯಾಗಿತ್ತು. 18 ಸೆಂ.ಮೀ. ಅಲಗು, 5 ಮಿ.ಮೀ. ದಪ್ಪ, ಬೆನ್ನ ಮೇಲೆ ಗರಗಸದ ಹಲ್ಲು. ಹಿಡಿ ಟೊಳ್ಳು. ಅದರೊಳಗೆ ಗಾಳ, ದಾರ, ಬೆಂಕಿಕಡ್ಡಿ. ಮುಚ್ಚಳದ ಮೇಲೊಂದು ದಿಕ್ಸೂಚಿ.

ಈಗ ಎರಡು ತೊಂದರೆ. ಅಲಗು ಹಿಡಿಯಲ್ಲಿ ಲಟಲಟ ಅಲ್ಲಾಡುತ್ತಿದೆ. ಜೊತೆಗೆ, ಎಷ್ಟು ಸಾಣೆ ಹಿಡಿಸಿದರೂ ನಾಲ್ಕು ಕಡ್ಡಿ ಕೆತ್ತುವಷ್ಟರಲ್ಲಿ ಮೊಂಡಾಗುತ್ತದೆ. ರಿಪೇರಿ ಮಾಡಬಹುದಾ? ಆಗಲ್ಲ ಅಂದರೆ ಇದಕ್ಕಿಂತ ದಪ್ಪಗಿರುವ, ಆದರೆ ಜೇಬಿಗೆ ಭಾರವಾಗದ ಚಾಕು ಯಾವುದು? 6 ಮಿ.ಮೀ. ದಪ್ಪದ್ದೊಂದು ಕಣ್ಣಿಗೆ ಬಿದ್ದಿದೆ.

ಸಾಣೆಕಲ್ಲು

ಆರ್ಡರ್ ಮಾಡಬೇಡಿ, ಸ್ವಲ್ಪ ತಡೆಯಿರಿ. ಕೈಯಲ್ಲಿರುವುದು ಯಾಕೆ ಕೆಟ್ಟಿತು ಅಂತ ಮೊದಲು ಗೊತ್ತಾಗಲಿ.

ಮುಚ್ಚಳ ಬಿಚ್ಚಿ, ಒಳಗಿನದೆಲ್ಲ ಸುರಿದು, ಟಾರ್ಚ್ ಬಿಟ್ಟು ನೋಡಿ. ಅಲಗಿನ ಬುಡ ಎಲ್ಲಿಗೆ ಮುಗಿಯುತ್ತದೆ? ಸಾಣೆ ಹಿಡಿಸಿದ್ದು ಯಾವುದರಲ್ಲಿ? ಅಂಚನ್ನು ಬೆಳಕಿಗೆ ಹಿಡಿದು ಬಣ್ಣ ಎಲ್ಲಾದರೂ ಬದಲಾಗಿದೆಯಾ ನೋಡಿ. ಇನ್ನೊಂದು, ಅಲ್ಲಾಡೋಕೆ ಶುರುವಾಗುವ ಮುಂಚೆ ಅದರಿಂದ ಏನು ಮಾಡುತ್ತಿದ್ದಿರಿ? ನಿಜ ಹೇಳಿ, ಇಲ್ಲಿ ಯಾರೂ ಬಯ್ಯುವುದಿಲ್ಲ.

ಟೆಂಟ್‌ಮೂಲೆ

ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಒಳಗೆ ಒಂದು ನಟ್ಟು. ಸುತ್ತ ಹಳದಿ ಅಂಟು ಬಿರುಕು ಬಿಟ್ಟು ಪುಡಿಯಾಗಿದೆ. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ನಟ್ಟಿನ ನಡುವೆ ಕಿರುಬೆರಳಿಗಿಂತ ಸಣ್ಣ ಬೋಲ್ಟು. ಅಳೆದೆ, 2 ಸೆಂ.ಮೀ. ಕೂಡ ಇಲ್ಲ. ಅಷ್ಟು ದೊಡ್ಡ ಅಲಗು ನಿಂತಿರುವುದು ಇದರ ಮೇಲೆ!

ಸಾಣೆಗೆ ಗೆಳೆಯನ ಬೆಂಚ್ ಗ್ರೈಂಡರ್‌ಗೆ ಹಿಡಿದಿದ್ದೆ. ಕಿಡಿ ಹಾರುವುದನ್ನು ನೋಡಿ ಖುಷಿಪಟ್ಟಿದ್ದೂ ಹೌದು. ಈಗ ನೋಡಿದರೆ ಮೊನೆಯ ಹತ್ತಿರ ಎರಡು ಬೆರಳಗಲ ನೀಲಿ ಬಣ್ಣ, ಅದರ ಪಕ್ಕಕ್ಕೆ ತೆಳುವಾಗಿ ಕಂದು.

ಮಾಡುತ್ತಿದ್ದ ಕೆಲಸ ಕಟ್ಟಿಗೆ ಸೀಳುವುದು. ಅಲಗನ್ನು ಕೊರಡಿನ ಮೇಲಿಟ್ಟು ಬೆನ್ನಿಗೆ ಕಲ್ಲಿನಿಂದ ಹೊಡೆದೆ. ಗಂಟಿನಲ್ಲಿ ಸಿಕ್ಕಿಕೊಂಡಿತು. ಹಿಡಿಯನ್ನು ಒತ್ತಿ, ಎತ್ತಿ, ಮತ್ತೆ ಒತ್ತಿ ಬಿಡಿಸಿದೆ.

ಸಾಣೆಕಲ್ಲು

ಹಾಗಾದರೆ ಎರಡೂ ತೊಂದರೆಗೆ ಕಾರಣ ಸಿಕ್ಕಿತು.

ಅಲಗಿನ ಉಕ್ಕು ಹಿಡಿಯೊಳಕ್ಕೆ ಮುಂದುವರಿಯುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿ ಟೊಳ್ಳಾಗಿದ್ದರೆ ಅದಕ್ಕೆ ಜಾಗವೇ ಇರುವುದಿಲ್ಲ. ಗಾಳ, ದಾರ ಇಡೋಕೆ ಅಂತ ಟ್ಯಾಂಗನ್ನೇ ಕತ್ತರಿಸಿ ಬೋಲ್ಟು ಮಾಡಿರುತ್ತಾರೆ. ನೀವು ಒತ್ತಿ ಎತ್ತಿದಾಗ ಚಾಕು ಸನ್ನೆಗೋಲಾಯಿತು. ಬಲವೆಲ್ಲ ಅಲಗು ಹಿಡಿ ಕೂಡುವ ಜಾಗಕ್ಕೇ ಬಿತ್ತು. ಅಲಗು 5 ಮಿ.ಮೀ. ಇದ್ದರೇನು, 10 ಇದ್ದರೇನು, ಮುರಿಯುವುದು ಬೋಲ್ಟು ತಾನೇ? ಅಂಟು ಕೆರೆದು ತೆಗೆದು, ಎಪಾಕ್ಸಿ ಅಂಟು ತುಂಬಿ, ಒಂದು ದಿನ ಬಿಟ್ಟರೆ ಮತ್ತೆ ಗಟ್ಟಿಯಾಗಿ ನಿಲ್ಲಬಹುದು. ಹಗ್ಗ ಕೊಯ್ಯೋಕೆ ಸಾಕು. ಅದರ ಮೇಲೆ ಮತ್ತೆ ಯಾವತ್ತೂ ಹೊಡೆಯಬೇಡಿ. ಅಲಗು ಕಳಚಿಕೊಂಡರೆ ಯಾವ ಕಡೆ ಹಾರುತ್ತದೆ ಅಂತ ಹೇಳೋಕಾಗಲ್ಲ.

ನೀಲಿ ಬಣ್ಣ ಬಿಸಿಯ ಗುರುತು. ಚಾಕುವಿನ ಉಕ್ಕನ್ನು ಕೆಂಪಗೆ ಕಾಯಿಸಿ, ಥಟ್ಟನೆ ತಣಿಸಿ, ಆಮೇಲೆ ಸಣ್ಣ ಬಿಸಿಯಲ್ಲಿ ಹದ ಮಾಡಿರುತ್ತಾರೆ. ಮಾಮೂಲಿ ಕಾರ್ಬನ್ ಸ್ಟೀಲಿಗೆ ಆ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಅದರಲ್ಲಿ ನೀಲಿ ಬರುವುದು ಹತ್ತಿರ ಹತ್ತಿರ 300ಕ್ಕೆ, ಸ್ಟೇನ್‌ಲೆಸ್‌ನಲ್ಲಿ ಇನ್ನೂ ಮೇಲೆ. ಅಂಚು ತೆಳು, ಬೇಗ ಕಾಯುತ್ತದೆ. ಗ್ರೈಂಡರ್‌ಗೆ ಎರಡು ಕ್ಷಣ ಜಾಸ್ತಿ ಕೊಟ್ಟರೂ ಹದ ಹೋಯಿತು. ಬಣ್ಣ ಉಜ್ಜಿದರೆ ಬಣ್ಣ ಹೋಗುತ್ತದೆ ಅಷ್ಟೇ, ಮೆತ್ತಗಾದ ಉಕ್ಕು ಗಟ್ಟಿಯಾಗುವುದಿಲ್ಲ. ಆ ಭಾಗವನ್ನು ನೀರು ಹಾಕಿದ ಕಲ್ಲಿನ ಮೇಲೆ ಕೈಯಲ್ಲೇ ಸವೆಸಿ ತೆಗೆಯಬೇಕು.

ಅದಕ್ಕೂ ಮುಂಚೆ ಒಂದು ಪರೀಕ್ಷೆ ಮಾಡಿ. ಹಿಡಿಯ ಹತ್ತಿರದ, ಬಣ್ಣ ಬದಲಾಗದ ಅಂಚನ್ನು ಮಾತ್ರ ಕಲ್ಲಿನಲ್ಲಿ ತೀಡಿ. ಒಂದು ಮಗ್ಗುಲು ತೀಡಿದಾಗ ಇನ್ನೊಂದು ಮಗ್ಗುಲಿಗೆ ಕೂದಲಿನಷ್ಟು ಸಣ್ಣ ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಹೊರಗೆ ಸವರಿದರೆ ತಗಲುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಈ ತರಿ ಉಳಿದರೆ ಚಾಕು ಮೊದಲು ಹರಿತ ಅನ್ನಿಸಿ, ಮರಕ್ಕೆ ತಗಲಿದ ಕೂಡಲೇ ಮಡಚಿಕೊಳ್ಳುತ್ತದೆ. ಮಗ್ಗುಲು ಬದಲಿಸುತ್ತಾ ತೀರಾ ಹಗುರಾಗಿ ತೀಡಿ, ಕೊನೆಗೆ ಹಳೇ ಬೆಲ್ಟಿನ ಚರ್ಮದ ಮೇಲೆ ಹಿಂದಕ್ಕೆಳೆಯಿರಿ. ಆಮೇಲೂ ಆ ಭಾಗ ಬೇಗ ಮೊಂಡಾದರೆ ಉಕ್ಕೇ ಮೆತ್ತಗಿದೆ ಅಂತ ಅರ್ಥ.

ಬೂದಿಕೆಂಡ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಫುಲ್ ಟ್ಯಾಂಗ್ ಇರುವ, ಅಂದರೆ ಉಕ್ಕು ಹಿಡಿಯ ಕೊನೆವರೆಗೂ ಬರುವ, 6 ಮಿ.ಮೀ. ಚಾಕು ತಗೊಂಡರೆ ತಪ್ಪೇನು? ಒಂದೇ ಚಾಕುವಿನಲ್ಲಿ ಕಡಿಯುವುದು, ಸೀಳುವುದು, ಅಗೆಯುವುದು ಎಲ್ಲ ಮುಗಿಯುತ್ತದೆ. ಕಾಡಿನಲ್ಲಿ ಮುರಿಯದಿರುವುದು ಮುಖ್ಯ ಅಲ್ವಾ?

ಸಾಣೆಕಲ್ಲು

ಮುರಿಯಲ್ಲ, ಒಪ್ಪಿದೆ. ನನ್ನ ಹತ್ತಿರವೂ ಅಂಥದ್ದೊಂದಿದೆ. ಹಣ್ಣು ಹೆಚ್ಚಲು ಹೋದರೆ ಸೀಳುತ್ತದೆ, ಹೆಚ್ಚುವುದಿಲ್ಲ. ಬೆಂಕಿ ಹಚ್ಚೋಕೆ ಅಂತ ಕಡ್ಡಿಯಲ್ಲಿ ತೆಳ್ಳಗೆ ಹೊಟ್ಟು ಎಬ್ಬಿಸೋಕೆ ಹೋದರೆ ಚಕ್ಕೆ ಕಿತ್ತುಬರುತ್ತದೆ. ಭಾರ ಅಂತ ಬ್ಯಾಗಿನಲ್ಲೇ ಉಳಿಯುತ್ತದೆ. ಕ್ಯಾಂಪಿನಲ್ಲಿ ದಿನವಿಡೀ ಇರುವುದು ಕೆತ್ತುವ, ಕೊಯ್ಯುವ ಕೆಲಸ, ಕಡಿಯುವುದು ಅಪರೂಪ. ಕಡಿಮೆ ದುಡ್ಡಿನಲ್ಲಿ ಅಷ್ಟು ಉಕ್ಕು ಕೊಡಬೇಕಾದರೆ ಉಕ್ಕಿನ ಗುಣದಲ್ಲೋ ಹದದಲ್ಲೋ ಎಲ್ಲೋ ಕಡಿತ ಆಗಿರುತ್ತದೆ.

ಟೆಂಟ್‌ಮೂಲೆಯವರೇ, ನಾನಾದರೆ 9ರಿಂದ 12 ಸೆಂ.ಮೀ. ಅಲಗು, 2.5ರಿಂದ 3.5 ಮಿ.ಮೀ. ದಪ್ಪ ನೋಡುತ್ತೇನೆ. ಬೆನ್ನ ಮೇಲೆ ಹಲ್ಲು ಬೇಡ. ಮರ ಕೊಯ್ಯೋಕೆ ಅವು ಸಾಲುವುದಿಲ್ಲ, ಮರದ ತುಂಡಿನಿಂದ ಹೊಡೆದರೆ ಆ ತುಂಡನ್ನೇ ತಿನ್ನುತ್ತವೆ. ಉಳಿದ ದುಡ್ಡಿಗೆ ಒಂದು ಮಡಚುವ ಗರಗಸ ತಗೊಳ್ಳಿ. ಚಾಕು ಮತ್ತು ಗರಗಸ ಎರಡೂ ಸೇರಿ ನಿಮ್ಮ ಹಳೇದಕ್ಕಿಂತ ಹಗುರ ಇರಬಹುದು.

ಉಕ್ಕಿನ ಹೆಸರು ಬರೆದಿದೆಯಾ ನೋಡಿ. ಬರೀ ‘ಸ್ಟೇನ್‌ಲೆಸ್’, ‘ಸರ್ಜಿಕಲ್ ಸ್ಟೀಲ್’ ಅಂತಿದ್ದರೆ ಅದು ಹೆಸರಲ್ಲ, ಜಾಹೀರಾತು. ‘440’ ಅಂತಷ್ಟೇ ಇದ್ದರೂ ಅನುಮಾನಪಡಿ. 440ಎ ಮತ್ತು 440ಸಿ ಬೇರೆ ಬೇರೆ ಉಕ್ಕು, ಸಿ-ಯಲ್ಲಿ ಕಾರ್ಬನ್ ಜಾಸ್ತಿ. 1095 ಅಂದರೆ ಸುಮಾರು ಶೇ. 0.95 ಕಾರ್ಬನ್. ಸಾಣೆ ಸುಲಭ, ಆದರೆ ಒದ್ದೆ ಬಿಟ್ಟರೆ ತುಕ್ಕು. 12ಸಿ27 ಸ್ಟೇನ್‌ಲೆಸ್, ಕಾರ್ಬನ್ ಶೇ. 0.6ರಷ್ಟು. ಒರೆಸೋಕೆ ಮರೆಯುವವರಿಗೆ ಇದೇ ವಾಸಿ.

ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಹೆಸರು ಎಲ್ಲರೂ ಹೇಳುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ಅಲಗು 10 ಸೆಂ.ಮೀ. ಚಿಲ್ಲರೆ, ದಪ್ಪ ಮಾಮೂಲಿಯದರಲ್ಲಿ 2.5 ಮಿ.ಮೀ., ಹೆವಿ ಡ್ಯೂಟಿ ಮಾದರಿಯಲ್ಲಿ 3.2. ಒಂದು ಕೊರತೆಯಿದೆ. ಅದರದ್ದು ಫುಲ್ ಟ್ಯಾಂಗ್ ಅಲ್ಲ, ಉಕ್ಕು ಹಿಡಿಯ ಕೊನೆವರೆಗೆ ಬರುವುದಿಲ್ಲ. ಆದರೂ ಅದು ನಿಮ್ಮ ಬೋಲ್ಟಿನ ಥರ ಅಲ್ಲ, ಟ್ಯಾಂಗಿನ ಸುತ್ತ ಹಿಡಿಯನ್ನು ಅಚ್ಚು ಹಾಕಿರುತ್ತಾರೆ. ಹೆಬ್ಬೆರಳು ದಪ್ಪದ, ಗಂಟಿಲ್ಲದ ಒಣ ಕಟ್ಟಿಗೆಯನ್ನು ಮರದ ತುಂಡಿನಿಂದ ತಟ್ಟಿ ಸೀಳಬಹುದು. ಕಲ್ಲು ಬೇಡ, ಸುತ್ತಿಗೆ ಬೇಡ. ಸಿಕ್ಕಿಕೊಂಡರೆ ಹಿಡಿ ಅಲ್ಲಾಡಿಸದೆ, ಸೀಳಿನಲ್ಲಿ ಮರದ ಬೆಣೆ ಇಟ್ಟು ಬಿಡಿಸಿ.

ಯಾವುದೇ ಚಾಕು ತಗೊಂಡರೂ ಒರೆಗೆ ಹಾಕಿ ತಲೆಕೆಳಗೆ ಮಾಡಿ ಜೋರಾಗಿ ಕೊಡವಿ. ಬಿದ್ದರೆ ವಾಪಸ್ ಕೊಡಿ. ಎಷ್ಟು ಉದ್ದದ ಚಾಕು ಹೊರಗೆ ಒಯ್ಯಬಹುದು ಅನ್ನುವ ಕಾನೂನು ಊರೂರಿಗೆ ಬೇರೆ, ಅದನ್ನೂ ನೋಡಿಕೊಳ್ಳಿ.

ಟೆಂಟ್‌ಮೂಲೆ (ಮೂರು ವಾರದ ನಂತರ)

ಕಂಪ್ಯಾನಿಯನ್ ಸ್ಟೇನ್‌ಲೆಸ್ ತಗೊಂಡೆ, ಜೊತೆಗೊಂದು ಮಡಚುವ ಗರಗಸ. ಹಳೇದರ ಹಿಡಿಯ ಹತ್ತಿರದ ಅಂಚನ್ನು ತರಿ ತೆಗೆದು ತೀಡಿದೆ. ಪರವಾಗಿಲ್ಲ, ಹರಿತ ನಿಲ್ಲುತ್ತಿದೆ. ನೀಲಿ ಭಾಗ ಇನ್ನೂ ಹಾಗೇ ಇದೆ, ಸವೆಸೋಕೆ ಬೇಜಾರು.

ಈಗ ಹೊಸ ಸಮಸ್ಯೆ. ಫೆರೋ ರಾಡ್‌ಗೆ (ಕೆರೆದರೆ ಕಿಡಿ ಹಾರುವ, ಬೆಂಕಿ ಹಚ್ಚುವ ಲೋಹದ ಕಡ್ಡಿ) ಹೊಸ ಚಾಕುವಿನ ಬೆನ್ನು ಎಳೆದರೆ ಕಿಡಿಯೇ ಇಲ್ಲ. ಸ್ಟೇನ್‌ಲೆಸ್ ತಗೊಂಡದ್ದೇ ತಪ್ಪಾಯಿತಾ?

ಬೂದಿಕೆಂಡ

ಸ್ಟೇನ್‌ಲೆಸ್‌ದು ತಪ್ಪಿಲ್ಲ. ಕಿಡಿ ಬರುವುದು ರಾಡಿನಿಂದ, ಚಾಕುವಿನಿಂದಲ್ಲ. ರಾಡ್ ಹೊಸದಾ? ಮೇಲೆ ಕಪ್ಪು ಬಣ್ಣ ಬಳಿದಿರುತ್ತಾರೆ, ಮೊದಲು ಅದನ್ನು ಕೆರೆದು ಹಾಕಿ. ಆಮೇಲೂ ಬರದಿದ್ದರೆ ಬೆನ್ನಿನ ಮೂಲೆ ನೋಡಿ. ಮಾಮೂಲಿ ಕಂಪ್ಯಾನಿಯನ್ನಿನ ಬೆನ್ನು ಸ್ವಲ್ಪ ದುಂಡಗಿರುತ್ತದೆ. ಅಂಚಿಗೆ ಟೇಪ್ ಸುತ್ತಿ, ಬೆನ್ನನ್ನು ಚಪ್ಪಟೆ ಅರದಿಂದ ನೇರವಾಗಿ ಉಜ್ಜಿ. ಮೊನೆಯ ಕಡೆ ಎರಡು ಬೆರಳಗಲ ಸಾಕು. ಒಣ ಕಡ್ಡಿಯ ಮೇಲೆ ಎಳೆದಾಗ ನಯವಾದ ಪುಡಿ ಬಂದರೆ ಮೂಲೆ ಸರಿಯಾಯಿತು. ಕಿಡಿ ಹಾರಿಸುವಾಗ ಚಾಕು ಅಲ್ಲಾಡಿಸಬೇಡಿ, ರಾಡನ್ನು ಹಿಂದಕ್ಕೆಳೆಯಿರಿ. ಇಲ್ಲದಿದ್ದರೆ ಕಷ್ಟಪಟ್ಟು ಜೋಡಿಸಿದ ಹೊಟ್ಟನ್ನೆಲ್ಲ ಚಾಕುವೇ ಚೆಲ್ಲಾಡುತ್ತದೆ.

ಸಾಣೆಕಲ್ಲು

ಅರದಿಂದಲೇ. ಗ್ರೈಂಡರ್ ಕಡೆ ತಲೆಹಾಕಿಯೂ ಮಲಗಬೇಡಿ.

ಟೆಂಟ್‌ಮೂಲೆ

ಕಪ್ಪು ಬಣ್ಣವೂ ಇತ್ತು, ಬೆನ್ನೂ ದುಂಡಗಿತ್ತು. ಕಾಲು ಗಂಟೆ ಅರ ಉಜ್ಜಿದೆ. ಮೂರನೇ ಎಳೆತಕ್ಕೆ ಹತ್ತಿಕೊಂಡಿತು. ಗ್ರೈಂಡರ್ ಗೆಳೆಯನಿಗೆ ವಾಪಸ್ ಹೋಗಿದೆ.